ಬೂಷ್ಟುರೋಗದ ಔಷಧಗಳೂ ಲೋಕದ ಪೇಟೆಯೂ

ಗ್ರಾಮಗಳ ಹಿಡುವಳಿದಾರರಿಗೂ ಮುಖಂಡರಿಗೂ ಉದ್ದೇಶಿಸಿದ ಉಪನ್ಯಾಸ



ಮುಂಗಾರು ಬಲಿತು ನಾಲ್ಕಾರು ದಿನ ಬಿಸಿಲು ಕಾಣದಂತೆ ಮೋಡ ಕವಿದಿತೆಂದರೆ ಹಿರೇಕೆರೂರಿನ ಪೇಟೆಯ ಔಷಧದಂಗಡಿಗಳ ಮುಂದೆ ಒಂದು ನೋಟವು ಪ್ರತಿವರ್ಷವೂ ಕಾಣಬರುತ್ತದೆ. ರೈತನು ಟವೆಲಿನ ತುದಿಯಲ್ಲಿ ಕಟ್ಟಿ ತಂದ ರೋಗದ ಎಲೆಯನ್ನು ಬಿಚ್ಚಿ ತೋರಿಸಿ, "ಇದಕ್ಕ ಚಲೋ ಎಣ್ಣಿ ಕೊಡ್ರಿ" ಎಂದು ಕೇಳುತ್ತಾನೆ. ಅಂಗಡಿಯವನು ಒಂದು ಡಬ್ಬಿಯನ್ನು ಮುಂದಿಡುತ್ತಾನೆ. ಕೈಯಲ್ಲಿ ಹಣವಿದ್ದರೆ ಕೊಡುವುದು. ಇಲ್ಲದಿದ್ದರೆ ಸುಗ್ಗಿಯ ಲೆಕ್ಕಕ್ಕೆ ಬರೆಯಿಸುವುದು. ಡಬ್ಬಿಯ ಬಣ್ಣವನ್ನೂ ಹೆಸರನ್ನೂ ರೈತನು ನೆನಪಿಡುತ್ತಾನೆಯೇ ಹೊರತು ಅದರೊಳಗಿನ ವಸ್ತು ಯಾವುದೆಂಬುದನ್ನು ಕೇಳುವವರು ವಿರಳ.

ಆದರೆ ಆ ಡಬ್ಬಿಯು ಹಿರೇಕೆರೂರಿನಲ್ಲಿ ಹುಟ್ಟಿದುದಲ್ಲ. ಅದರ ಹಿಂದೆ ದೂರದೇಶದ ಗಣಿಯುಂಟು, ಕಾರ್ಖಾನೆಯುಂಟು, ಪೇಟೆಂಟು ಹಕ್ಕುಂಟು. ಅದನ್ನು ಸಿಂಪಡಿಸಿದ ಬೆಳೆಯನ್ನು ಕೊಳ್ಳುವ ಪರದೇಶದ ಗಿರಾಕಿಯೂ ಉಂಟು. ಇಷ್ಟು ದೊಡ್ಡ ಪೇಟೆಯ ಕೊಟ್ಟಕೊನೆಯಲ್ಲಿ ನಿಂತಿರುವವನು ರೈತನು. ಪೇಟೆಯ ಕ್ರಮವನ್ನು ತಿಳಿಯದೆ ಕೊಂಡವನು ಒಮ್ಮೆ ಔಷಧದಲ್ಲಿಯೂ ಇನ್ನೊಮ್ಮೆ ಬೆಳೆಯಲ್ಲಿಯೂ ನಷ್ಟಪಡುವನು. ಆದಕಾರಣ ಡಬ್ಬಿಯ ಹೆಸರಿಗಿಂತ ಅದರೊಳಗಿನ ವಸ್ತುವಿನ ಹೆಸರನ್ನು ತಿಳಿಯುವುದೇ ರೈತನಿಗೆ ಮೊದಲನೆಯ ರಕ್ಷಣೆಯೆಂಬುದನ್ನು ತೋರಿಸುವುದು ಈ ಉಪನ್ಯಾಸದ ಉದ್ದೇಶ.

ರೋಗದ ಸ್ವರೂಪ

ಹಳಸಿದ ರೊಟ್ಟಿಯ ಮೇಲೆ ಏಳುವ ಬೂಷ್ಟನ್ನು ಎಲ್ಲರೂ ಕಂಡಿದ್ದಾರೆ. ಜೋಳದ ಕಾಡಿಗೆ ರೋಗ, ಭತ್ತದ ಬೆಂಕಿರೋಗ, ಮೆಣಸಿನಗಿಡದ ಬೂದಿರೋಗ ಮತ್ತು ಹಣ್ಣುಕೊಳೆ, ಇವುಗಳನ್ನು ಉಂಟುಮಾಡುವ ಜೀವಿಗಳು ಆ ಬೂಷ್ಟಿನ ಬಳಗದವು. ಇವುಗಳಿಗೆ ಶಿಲೀಂಧ್ರಗಳೆಂದು ಹೆಸರು. ಅಡಕೆಯ ಕೊಳೆರೋಗ, ಗೋವಿನಜೋಳದ ಕೇದಿಗೆ ರೋಗ, ಸವಣೂರಿನ ಎಲೆಬಳ್ಳಿಯಂಥ ಬಳ್ಳಿಗಳಿಗೆ ಬರುವ ಬುಡಕೊಳೆ, ಇವುಗಳ ಜೀವಿಗಳು ನೋಟಕ್ಕೆ ಅದೇ ಬಗೆಯವಾದರೂ ಶಾಸ್ತ್ರಜ್ಞರು ಅವನ್ನು ಬೇರೆ ಕುಲಕ್ಕೆ ಸೇರಿಸಿದ್ದಾರೆ. ಈ ಭೇದವು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ. ಮೊದಲನೆಯ ಕುಲದ ಅನೇಕ ರೋಗಗಳಿಗೆ ಬಳಸುವ ಕಾರ್ಬೆಂಡಜಿಂ ಎಂಬ ಔಷಧವು ಎರಡನೆಯ ಕುಲದ ಮೇಲೆ ಕೆಲಸಮಾಡುವುದಿಲ್ಲ. ಎರಡನೆಯದಕ್ಕೆ ಬಳಸುವ ಮೆಟಲಾಕ್ಸಿಲ್ ಮೊದಲನೆಯದರ ಮೇಲೆ ನಡೆಯುವುದಿಲ್ಲ. ಇನ್ನು ಮೆಣಸಿನಗಿಡದ ಮುರುಟು ರೋಗವಾದರೋ ನುಸಿ, ಥ್ರಿಪ್ಸ್ ಹುಳುಗಳಿಂದಲೂ ವೈರಸ್ಸಿನಿಂದಲೂ ಬರುವಂಥದು. ಅದಕ್ಕೆ ಬೂಷ್ಟಿನ ಔಷಧವನ್ನು ಎಷ್ಟು ಸಿಂಪಡಿಸಿದರೂ ಫಲವಿಲ್ಲ. ರೋಗದ ಗುರುತು ತಪ್ಪಿದರೆ ಒಳ್ಳೆಯ ಔಷಧವೂ ವ್ಯರ್ಥವೆಂಬುದಕ್ಕೆ ಇಷ್ಟು ಸಾಕು.

ಇನ್ನೊಂದು ಮಾತು. ಬೂಷ್ಟಿನ ಔಷಧವು ಬಹುಮಟ್ಟಿಗೆ ಕಾವಲುಗಾರನೇ ಹೊರತು ವೈದ್ಯನಲ್ಲ. ಕಳ್ಳನು ಮನೆಯನ್ನು ಹೊಗುವ ಮೊದಲು ಕಾವಲುಗಾರನು ಬಾಗಿಲಲ್ಲಿರಬೇಕು. ಕೊಳೆತ ಅಡಕೆಯನ್ನು ಯಾವ ಔಷಧವೂ ಮರಳಿ ಹಸುರಾಗಿಸದು. ರೋಗವು ತೋಟವನ್ನೆಲ್ಲ ವ್ಯಾಪಿಸಿದ ಬಳಿಕ ಗಾಬರಿಯಿಂದ ಕೊಳ್ಳುವ ಔಷಧಕ್ಕೆ ಬೆಲೆಯು ಹೆಚ್ಚು, ಫಲವು ಅಲ್ಪ.

ಒಡೆಯನಿಲ್ಲದ ಔಷಧ

ಈ ಪೇಟೆಯ ಮೊದಲ ದೊಡ್ಡ ಸರಕು ಹುಟ್ಟಿದ್ದು ಫ್ರಾನ್ಸ್ ದೇಶದ ದ್ರಾಕ್ಷಿಯ ಸೀಮೆಯಲ್ಲಿ. ಅಮೆರಿಕದಿಂದ ಬಂದ ಒಂದು ರೋಗವು ಅಲ್ಲಿಯ ಬಳ್ಳಿಗಳ ಎಲೆಯನ್ನು ಉದುರಿಸುತ್ತಿತ್ತು. ಮೆಡೋಕ್ ಪ್ರಾಂತದ ಕೆಲವರು, ದಾರಿಹೋಕರು ಹಣ್ಣನ್ನು ಕದಿಯದಿರಲೆಂದು, ರಸ್ತೆಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಕಲಸಿ ಎರಚುತ್ತಿದ್ದರು. 1882ರಲ್ಲಿ ಬೋರ್ಡೋ ನಗರದ ಸಸ್ಯಶಾಸ್ತ್ರದ ಅಧ್ಯಾಪಕರಾದ ಮಿಲಾರ್ಡೆ ಎಂಬುವರು, ಹೀಗೆ ನೀಲಿಬಣ್ಣ ಬಳಿದ ಬಳ್ಳಿಗಳಲ್ಲಿ ಮಾತ್ರ ಎಲೆ ನಿಂತಿರುವುದನ್ನು ಕಂಡರು. ಪ್ರಯೋಗಗಳನ್ನು ನಡೆಯಿಸಿ 1885ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ಕಳ್ಳರನ್ನು ಅಂಜಿಸಲು ಎರಚಿದ ಸುಣ್ಣವು ದ್ರಾಕ್ಷಿಯ ಬೇಸಾಯವನ್ನೇ ಉಳಿಸಿತು.

ಶಿಕಾರಿಪುರದ ಕಡೆಯಿಂದ ಹರಿದುಬರುವ ಕುಮುದ್ವತಿಯು ಮಾಸೂರಿನ ಮದಗದ ಕೆರೆಯನ್ನು ತುಂಬುವಂತೆ, ಈ ವಿದ್ಯೆಯೂ ಮಲೆನಾಡಿನ ಮಾರ್ಗವಾಗಿಯೇ ಈ ಸೀಮೆಯ ನೆರೆಗೆ ಬಂದಿತು. ಆ ಕಾಲದಲ್ಲಿ ಹಿರೇಕೆರೂರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೂ, ಶಿಕಾರಿಪುರವು ಮೈಸೂರು ಸಂಸ್ಥಾನಕ್ಕೂ ಸೇರಿದ್ದವು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ಶಾಸ್ತ್ರಜ್ಞರು 1908ರಲ್ಲಿ ಮೈಸೂರಿನ ಸೇವೆಗೆ ಬಂದರು. ಅಡಕೆಯ ಕೊಳೆರೋಗವನ್ನು ತೋಟಗಳಲ್ಲಿಯೇ ಪರೀಕ್ಷಿಸಿ, ಅದನ್ನು ಉಂಟುಮಾಡುವ ಜೀವಿಯನ್ನು ಗುರುತಿಸಿ, 1910ರಲ್ಲಿ ಅದರ ವಿಷಯವಾಗಿ ಗ್ರಂಥವನ್ನು ಹೊರಡಿಸಿದರು. ಅಲ್ಲಿಯವರೆಗೆ ಮಲೆನಾಡಿನ ರೈತರು ಗೊನೆಗಳಿಗೆ ಕರಡದ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಇದು ಅನುಭವದಿಂದ ಬಂದ ಒಳ್ಳೆಯ ಉಪಾಯವೇ ಸರಿ. ಆದರೆ ಮರಮರಕ್ಕೂ ಹತ್ತಿ ಕಟ್ಟುವ ಕೂಲಿಯು ಬಹಳ. ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಗೊನೆಗಳಿಗೆ ಸಿಂಪಡಿಸುವ ಕ್ರಮವು ಅಂದಿನಿಂದ ಹಬ್ಬಿ ಇಂದಿಗೂ ನಡೆದುಬಂದಿದೆ.

ಈ ದ್ರಾವಣಕ್ಕೆ ಒಡೆಯನಿಲ್ಲ. ಯಾರ ಅಪ್ಪಣೆಯೂ ಇಲ್ಲದೆ ರೈತನು ತನ್ನ ತೋಟದಲ್ಲಿಯೇ ಅದನ್ನು ತಯಾರಿಸಬಹುದು. ಆದರೂ ಲೋಕದ ಪೇಟೆಯಿಂದ ಅದು ಬಿಡುಗಡೆ ಪಡೆದಿಲ್ಲ. ಮೈಲುತುತ್ತಿಗೆ ತಾಮ್ರವು ಬೇಕು. ತಾಮ್ರದ ಗಣಿಗಳಲ್ಲಿ ಅಗ್ರಸ್ಥಾನವು ದಕ್ಷಿಣ ಅಮೆರಿಕದ ಚಿಲಿ ದೇಶದ್ದು. ಅದರ ಬೆಲೆಯನ್ನು ಲಂಡನ್ನಿನ ಲೋಹದ ಪೇಟೆಯಲ್ಲಿ ಕಟ್ಟುತ್ತಾರೆ. 2018ರಲ್ಲಿ ತೂತ್ತುಕುಡಿಯ ದೊಡ್ಡ ತಾಮ್ರದ ಕಾರ್ಖಾನೆಯು ಮುಚ್ಚಿದ ಬಳಿಕ ಭಾರತವು ತಾಮ್ರವನ್ನು ಮಾರುವುದಕ್ಕಿಂತ ಕೊಳ್ಳುವುದೇ ಹೆಚ್ಚಾಯಿತು. ಬೂದಿರೋಗಕ್ಕೆ ಬಳಸುವ ಗಂಧಕವು ಬಹುಮಟ್ಟಿಗೆ ಕಲ್ಲೆಣ್ಣೆಯನ್ನೂ ಅನಿಲವನ್ನೂ ಶುದ್ಧಿಮಾಡುವಲ್ಲಿ ದೊರೆಯುವ ಉಪವಸ್ತು. ಹೀಗೆ ಹಳೆಯ ಔಷಧಗಳ ಬೆಲೆಯೂ ಗಣಿ, ಎಣ್ಣೆ, ಹಡಗುಗಳ ಸ್ಥಿತಿಯೊಡನೆ ಏರಿಳಿಯುತ್ತದೆ.

ಒಡೆಯರಿರುವ ಔಷಧಗಳು

ಹೊಸ ಔಷಧಗಳ ಸಂಗತಿಯು ಬೇರೆ. ಹೊಸ ವಸ್ತುವನ್ನು ಕಂಡುಹಿಡಿದು, ಪರೀಕ್ಷಿಸಿ, ಸರ್ಕಾರಗಳ ಒಪ್ಪಿಗೆ ಪಡೆಯುವುದು ಬಹಳ ವರ್ಷಗಳ, ಬಹಳ ಹಣದ ಕೆಲಸ. ಆ ಶಕ್ತಿಯಿರುವ ಕಂಪನಿಗಳು ಲೋಕದಲ್ಲಿ ಕೆಲವೇ. ಅವೂ ಒಂದರೊಡನೊಂದು ಕೂಡಿ ಇನ್ನೂ ಕಡಿಮೆಯಾಗಿವೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಜೆಂಟಾವನ್ನು ಚೀನಾ ಸರ್ಕಾರದ ಕಂಪನಿಯು ಕೊಂಡಿತು. 2018ರಲ್ಲಿ ಅಮೆರಿಕದ ಮೊನ್ಸಾಂಟೋವನ್ನು ಜರ್ಮನಿಯ ಬೇಯರ್ ಕೊಂಡಿತು. ಹೊಸ ವಸ್ತುವನ್ನು ಕಂಡುಹಿಡಿದವರಿಗೆ ಪೇಟೆಂಟಿನಿಂದ 20 ವರ್ಷಗಳ ಹಕ್ಕು ದೊರೆಯುತ್ತದೆ. ಅವಧಿ ಮುಗಿದ ಮೇಲೆ, ಒಪ್ಪಿಗೆ ಪಡೆದ ಇತರರೂ ಅದೇ ವಸ್ತುವನ್ನು ತಯಾರಿಸಬಹುದು. ಆಗ ಬೆಲೆಯು ಇಳಿಯುತ್ತದೆ, ಡಬ್ಬಿಯ ಹೆಸರುಗಳು ಹೆಚ್ಚುತ್ತವೆ.

ಭಾರತದ 1970ರ ಪೇಟೆಂಟು ಕಾನೂನು ಇಂಥ ಔಷಧಗಳಲ್ಲಿ ವಸ್ತುವಿಗೆ ಹಕ್ಕು ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತು. 2005ರಲ್ಲಿ ಈ ಕ್ರಮವು ಬದಲಾಗುವವರೆಗೆ ದೇಶದ ಕಾರ್ಖಾನೆಗಳು ಬೇರೆ ವಿಧಾನದಿಂದ ಅದೇ ವಸ್ತುಗಳನ್ನು ತಯಾರಿಸಿ ಬೆಳೆದವು. 1962ರಲ್ಲಿ ಅಮೆರಿಕದಲ್ಲಿ ಪೇಟೆಗೆ ಬಂದ ಮ್ಯಾಂಕೋಜೆಬ್ ಎಂಬ ಔಷಧವನ್ನು ಹೆಚ್ಚಾಗಿ ತಯಾರಿಸಿ ಹೊರದೇಶಗಳಿಗೆ ಕಳುಹಿಸುವ ದೇಶಗಳಲ್ಲಿ ಇಂದು ಭಾರತವೂ ಒಂದು. ಬ್ರಜಿಲ್ ದೇಶದಲ್ಲಿ 2001ರ ಹೊತ್ತಿಗೆ ಸೋಯಾ ಅವರೆಗೆ ತುಕ್ಕುರೋಗವು ತಗಲಿದ ಮೇಲೆ ಆ ದೇಶವು ಲೋಕದ ಅತಿ ದೊಡ್ಡ ಗಿರಾಕಿಗಳ ಸಾಲಿಗೆ ಸೇರಿತು. ಬ್ರಜಿಲಿನ ಸೋಯಾ ಹೊಲಕ್ಕೂ ಹಿರೇಕೆರೂರಿನ ಮೆಣಸಿನ ಹೊಲಕ್ಕೂ ಒಂದೇ ವಸ್ತುವು ಬೇರೆಬೇರೆ ಹೆಸರಿನಲ್ಲಿ ಹೋಗುವುದುಂಟು.

ಇದರಿಂದ ರೈತನು ಕಲಿಯತಕ್ಕ ಲೆಕ್ಕವೊಂದಿದೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿಯಿಟ್ಟ ಹೆಸರು. ಸಣ್ಣ ಅಕ್ಷರದಲ್ಲಿರುವುದು ವಸ್ತುವಿನ ಹೆಸರು ಮತ್ತು ಅದರ ಪ್ರಮಾಣ. ಶೇಕಡಾ 75 ಎಂದಿದ್ದರೆ 500 ಗ್ರಾಂ ಪೊಟ್ಟಣದಲ್ಲಿ 375 ಗ್ರಾಂ ಮಾತ್ರ ಔಷಧ, ಉಳಿದದ್ದು ಬೆರಕೆಪುಡಿ. ಅಂಥ ಒಂದು ಪೊಟ್ಟಣಕ್ಕೆ 300 ರೂಪಾಯಿ, ಅದೇ ವಸ್ತು ಅದೇ ಪ್ರಮಾಣವಿರುವ ಇನ್ನೊಂದಕ್ಕೆ 375 ರೂಪಾಯಿ ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ, ಮೊದಲನೆಯದರಲ್ಲಿ ಗ್ರಾಂ ಔಷಧಕ್ಕೆ 80 ಪೈಸೆ, ಎರಡನೆಯದರಲ್ಲಿ ಒಂದು ರೂಪಾಯಿ. ಎರಡೂ ನಂಬಿಕೆಯ ಸರಕಾಗಿದ್ದರೆ, ಹೆಚ್ಚಾಗಿ ತೆತ್ತ 75 ರೂಪಾಯಿ ಬಹುಪಾಲು ಹೆಸರಿನ ಬೆಲೆ.

ಒಂದೇ ಔಷಧವನ್ನು ನಂಬಿದವರ ಪಾಡು

ಹಳೆಯ ತಾಮ್ರ, ಗಂಧಕ, ಮ್ಯಾಂಕೋಜೆಬ್‌ಗಳು ರೋಗಜೀವಿಯನ್ನು ಹಲವು ಕಡೆಗಳಿಂದ ಹೊಡೆಯುತ್ತವೆ. ಹೊಸ ಔಷಧಗಳಲ್ಲಿ ಅನೇಕವು ಒಂದೇ ಮರ್ಮಸ್ಥಾನವನ್ನು ಹೊಡೆಯುತ್ತವೆ. ಹೊಡೆತವು ಬಲವಾದುದಾದರೂ, ಆ ಸ್ಥಾನವನ್ನು ಸ್ವಲ್ಪ ಮಾರ್ಪಡಿಸಿಕೊಂಡ ಜೀವಿಯು ಬದುಕಿ ಉಳಿದು ತನ್ನ ಸಂತಾನವನ್ನು ಬೆಳೆಸುತ್ತದೆ. ಮೆಟಲಾಕ್ಸಿಲ್ 1977ರಲ್ಲಿ ಪೇಟೆಗೆ ಬಂದಾಗ ಎಲ್ಲರೂ ಅದನ್ನು ಹೊಗಳಿದರು. 1980ರಲ್ಲಿಯೇ ಐರ್ಲೆಂಡಿನ ಆಲೂಗಡ್ಡೆಯ ಹೊಲಗಳಲ್ಲಿ ಅದಕ್ಕೆ ಜಗ್ಗದ ಅಂಗಮಾರಿ ರೋಗವು ಕಾಣಿಸಿಕೊಂಡಿತು. ಒಂದು ಬಗೆಯ ಅಣಬೆಯ ಸತ್ತ್ವವನ್ನು ಮಾದರಿಯಾಗಿಟ್ಟು ರಚಿಸಿದ ಅಜಾಕ್ಸಿಸ್ಟ್ರೋಬಿನ್ ಎಂಬ ಔಷಧವು 1996ರಲ್ಲಿ ಬಂದಿತು. ಅದರ ಬಳಗಕ್ಕೂ ಕೆಲವೇ ವರ್ಷಗಳಲ್ಲಿ ಹಲವು ರೋಗಗಳು ಒಗ್ಗಿಕೊಂಡವು. ಬ್ರಜಿಲಿನಲ್ಲಿ ಹೊಸ ಔಷಧಗಳ ಬಲವು ಕುಂದಿದಾಗ, ಅವುಗಳ ಜೊತೆಗೆ ಬೆರೆಸಲು ಹಳೆಯ ಮ್ಯಾಂಕೋಜೆಬ್ ಅನ್ನು ಮತ್ತೆ ಕರೆಯಬೇಕಾಯಿತು.

ಊರಿನಲ್ಲಿ ಎಲ್ಲರೂ ವರ್ಷವರ್ಷವೂ ಒಂದೇ ಬಳಗದ ಔಷಧವನ್ನು ಸಿಂಪಡಿಸಿದರೆ, ಹೊಲದ ಬದುವು ರೋಗಕ್ಕೆ ಅಡ್ಡವಾಗುವುದಿಲ್ಲ. ಒಬ್ಬನ ಹೊಲದಲ್ಲಿ ಒಗ್ಗಿದ ರೋಗವು ಎಲ್ಲರ ಹೊಲಕ್ಕೂ ಬರುತ್ತದೆ. ಡಬ್ಬಿಯ ಹೆಸರು ಬದಲಾಯಿತೆಂದ ಮಾತ್ರಕ್ಕೆ ಬಳಗವು ಬದಲಾಗಲಿಲ್ಲವೆಂಬುದನ್ನು ಇಲ್ಲಿ ಮುಖ್ಯವಾಗಿ ನೆನಪಿಡತಕ್ಕದ್ದು.

ಬೀಜದ ಔಷಧ ಮತ್ತು ಪ್ರಾಣದ ಮಾತು

ಹಿಂದೆ ಬೀಜಕ್ಕೆ ಪಾದರಸದ ಔಷಧಗಳನ್ನು ಹಚ್ಚುವ ರೂಢಿಯು ಲೋಕದಲ್ಲೆಲ್ಲ ಇತ್ತು. 1971ರಲ್ಲಿ ಇರಾಕ್ ದೇಶವು ಬಿತ್ತನೆಗೆಂದು ಇಂಥ ಔಷಧ ಹಚ್ಚಿದ ಗೋಧಿಯನ್ನೂ ಬಾರ್ಲಿಯನ್ನೂ ಹೊರದೇಶದಿಂದ ತರಿಸಿತು. ಹಳ್ಳಿಯ ಜನರಿಗೆ ಚೀಲದ ಮೇಲಿನ ಪರಭಾಷೆಯ ಬರೆಹವು ತಿಳಿಯಲಿಲ್ಲ. ಅದನ್ನು ಬೀಸಿ ರೊಟ್ಟಿ ಮಾಡಿ ಉಂಡರು. ಆಸ್ಪತ್ರೆಗಳಿಗೆ ಸೇರಿದವರು 6,530 ಮಂದಿ. ಅವರಲ್ಲಿ 459 ಮಂದಿ ಸತ್ತರೆಂಬುದು ಸರ್ಕಾರದ ಲೆಕ್ಕ. ಪೇಟೆಯ ಒಂದು ಚೀಟಿಯನ್ನು ಓದಲಾಗದ ಕಾರಣ ಇಷ್ಟು ಜೀವಗಳು ಹೋದವು.

ಹಾವೇರಿ ಜಿಲ್ಲೆಯಲ್ಲಿ ಬೀಜೋತ್ಪಾದನೆಯು ಅನೇಕ ಕುಟುಂಬಗಳ ಜೀವನೋಪಾಯವಾಗಿದೆ. ಬಣ್ಣ ಹಚ್ಚಿದ ಗೋವಿನಜೋಳದ ಬೀಜವು ಬಿತ್ತಿ ಉಳಿದರೆ ಅದನ್ನು ಮನೆಯ ಕಾಳಿನೊಡನೆ ಸೇರಿಸಕೂಡದು. ದನಕ್ಕೂ ಕೋಳಿಗೂ ಹಾಕಕೂಡದು. ತೊಳೆದರೆ ಶುದ್ಧವಾಗುವುದೆಂದು ಭ್ರಮಿಸಕೂಡದು.

ಕೊಳ್ಳುವವನ ಕಟ್ಟಳೆ

ಔಷಧದ ಪೇಟೆಯು ಡಬ್ಬಿಯನ್ನು ಕೊಂಡಲ್ಲಿಗೆ ಮುಗಿಯುವುದಿಲ್ಲ. ಬೆಳೆಯನ್ನು ಮಾರುವಾಗ ಅದು ಮತ್ತೆ ಎದುರಾಗುತ್ತದೆ. ಬೆಂಕಿರೋಗಕ್ಕೆ ಬಳಸುವ ಟ್ರೈಸೈಕ್ಲಜೋಲ್ ಎಂಬ ಔಷಧದ ಶೇಷವು ಅಕ್ಕಿಯಲ್ಲಿ ಎಷ್ಟಿರಬಹುದೆಂಬ ಮಿತಿಯನ್ನು ಯೂರೋಪಿನ ಒಕ್ಕೂಟವು 2017ರಲ್ಲಿ ಕಿಲೋಗ್ರಾಮಿಗೆ 1 ಮಿಲಿಗ್ರಾಮಿನಿಂದ 0.01 ಮಿಲಿಗ್ರಾಮಿಗೆ, ಎಂದರೆ ನೂರನೆಯ ಒಂದು ಪಾಲಿಗೆ, ಇಳಿಸಿತು. ಔಷಧವು ಅದೇ, ರೋಗವು ಅದೇ. ಬದಲಾದುದು ಕೊಳ್ಳುವವನ ಕಟ್ಟಳೆ. ಬಾಸುಮತಿ ಅಕ್ಕಿಯ ವ್ಯಾಪಾರಕ್ಕೆ ಇದರಿಂದ ಅಡಚಣೆಯಾಗಿ, ಪಂಜಾಬ್ ಸರ್ಕಾರವು ಮುಂದಿನ ವರ್ಷಗಳಲ್ಲಿ ಭತ್ತದ ಕಾಲಕ್ಕೆ ಆ ಔಷಧದ ಮಾರಾಟವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಮ್ಯಾಂಕೋಜೆಬ್‌ಗೆ ಯೂರೋಪಿನಲ್ಲಿದ್ದ ಒಪ್ಪಿಗೆಯನ್ನು 2020ರಲ್ಲಿ ಮುಂದುವರಿಸಲಿಲ್ಲ. ಭಾರತದಲ್ಲಿಯೂ ಬೆನೊಮಿಲ್ ಎಂಬ ಔಷಧವನ್ನು 2018ರಲ್ಲಿ ನಿಷೇಧಿಸಲಾಯಿತು.

ಹಾನಗಲ್ಲಿನ ಭತ್ತವು ಹೆಚ್ಚಾಗಿ ಈ ನಾಡಿನಲ್ಲಿಯೇ ಖರ್ಚಾಗುತ್ತದೆ. ಆದರೆ ನೆರೆಯ ಬ್ಯಾಡಗಿಯ ಪೇಟೆಗೆ ಹೋಗುವ ಮೆಣಸಿನಕಾಯಿ ಹಾಗಲ್ಲ. ಅದರ ಬಣ್ಣಕ್ಕಾಗಿ ಸತ್ತ್ವವನ್ನು ತೆಗೆಯುವವರೂ ಹೊರದೇಶಕ್ಕೆ ಕಳುಹಿಸುವವರೂ ಕೊಳ್ಳುತ್ತಾರೆ. ಸತ್ತ್ವವನ್ನು ತೆಗೆಯುವಾಗ ಬಣ್ಣದೊಡನೆ ಔಷಧದ ಶೇಷವೂ ಒಟ್ಟುಗೂಡಬಹುದು. ಕೊಯ್ಲಿಗೆ ಕೆಲವೇ ದಿನ ಮೊದಲು ಸಿಂಪಡಿಸಿದ ರೈತನು ತನ್ನ ಕಾಯಿಯ ಬೆಲೆಯನ್ನು ತಾನೇ ಇಳಿಸಿಕೊಂಡಂತೆ. ಪೇಟೆಗೆ ಕೆಟ್ಟ ಹೆಸರು ಬಂದರೆ ಸಿಂಪಡಿಸದ ರೈತನೂ ಅದರ ಫಲವನ್ನು ಉಣ್ಣಬೇಕಾಗುತ್ತದೆ.

ರೈತರು ಆಚರಿಸತಕ್ಕ ಕ್ರಮಗಳು

1. ಮೊದಲು ರೋಗದ ಗುರುತು. ಸಂಶಯವಿದ್ದರೆ ಎಲೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ತೋರಿಸಿ, ಬಳಿಕ ಅಂಗಡಿಗೆ ಹೋಗತಕ್ಕದ್ದು.

2. ಬೀಜೋಪಚಾರವೇ ಅಗ್ಗದ ಕಾವಲು. ಜೋಳದ ಕಾಡಿಗೆ ರೋಗಕ್ಕೆ ಕಿಲೋಗ್ರಾಂ ಬೀಜಕ್ಕೆ 4 ಗ್ರಾಂ ನುಣ್ಣನೆಯ ಗಂಧಕದ ಪುಡಿಯನ್ನು ಹಚ್ಚಿ ಬಿತ್ತುವುದು ಬಹುಕಾಲದಿಂದ ಫಲ ಕಂಡ ಕ್ರಮ.

3. ಅಡಕೆಗೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಅಲ್ಲಿಂದ 40–45 ದಿನಗಳಿಗೆ ಇನ್ನೊಮ್ಮೆ ಸಿಂಪಡಿಸತಕ್ಕದ್ದು. 1 ಕಿಲೋಗ್ರಾಂ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋಗ್ರಾಂ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡಬೇಕು. ಪಾತ್ರೆಯು ಮಣ್ಣಿನದು, ಮರದ್ದು ಅಥವಾ ಪ್ಲಾಸ್ಟಿಕ್ಕಿನದಾಗಿರಬೇಕು, ಕಬ್ಬಿಣದ್ದು ಆಗದು. ಹೊಳೆಯುವ ಚಾಕುವನ್ನು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಬೆರೆಸಬೇಕು. ಮಾಡಿದ ದಿನವೇ ಬಳಸಬೇಕು.

4. ತಾಮ್ರವು ಮಣ್ಣಿನಲ್ಲಿ ಕರಗಿಹೋಗದೆ ಕೂಡುತ್ತ ಹೋಗುತ್ತದೆ. ಯೂರೋಪಿನಲ್ಲಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋಗ್ರಾಂ ತಾಮ್ರವನ್ನು ಮೀರಕೂಡದೆಂಬ ಕಟ್ಟಳೆಯಿದೆ. ಹಳೆಯ ಔಷಧವೆಂದು ಮಿತಿಯಿಲ್ಲದೆ ಸುರಿಯುವುದು ಸಲ್ಲದು.

5. ಒಂದು ಹಂಗಾಮಿನಲ್ಲಿ ಒಂದೇ ಬಳಗದ ಔಷಧವನ್ನು ಮೇಲಿಂದ ಮೇಲೆ ಸಿಂಪಡಿಸಕೂಡದು. ಹೇಳಿದ ಪ್ರಮಾಣಕ್ಕಿಂತ ಕಡಿಮೆಯನ್ನೂ ಹೆಚ್ಚನ್ನೂ ಹಾಕಕೂಡದು.

6. ಡಬ್ಬಿಯ ಚೀಟಿಯಲ್ಲಿ ವಸ್ತುವಿನ ಹೆಸರು, ಪ್ರಮಾಣ, ಬೆಳೆ, ಅವಧಿ, ಕೊಯ್ಲಿಗೆ ಮೊದಲು ಬಿಡಬೇಕಾದ ದಿನಗಳು, ಇವನ್ನು ಓದಿಸಿ ಕೇಳತಕ್ಕದ್ದು. ಚೌಕದ ಬಣ್ಣವು ಕೆಂಪಾದರೆ ಅತ್ಯಂತ ವಿಷ. ಅನಂತರ ಕ್ರಮವಾಗಿ ಹಳದಿ, ನೀಲಿ, ಹಸುರು. 1968ರ ಕೀಟನಾಶಕಗಳ ಕಾನೂನು ಬೂಷ್ಟಿನ ಔಷಧಗಳಿಗೂ ಅನ್ವಯಿಸುತ್ತದೆ. ರಸೀದಿಯಿಲ್ಲದೆ ಕೊಂಡ ಔಷಧವು ಕೆಟ್ಟದಾದರೆ ದೂರಿಗೆ ಆಧಾರವಿರುವುದಿಲ್ಲ.

ಮುಖಂಡರ ಕರ್ತವ್ಯ

ಒಬ್ಬ ರೈತನು ಲೋಕದ ಪೇಟೆಯನ್ನು ತಿದ್ದಲಾರನು. ಆದರೆ ಒಂದು ಊರು ತನ್ನ ಕೊಳ್ಳುವ ರೀತಿಯನ್ನು ತಿದ್ದಬಲ್ಲುದು. 1905ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮುಂದಾಳಾಗಿ ಭಾರತದ ಮೊತ್ತಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಾಲದ ಪೇಟೆಯಲ್ಲಿ ಒಂಟಿಯಾಗಿದ್ದ ರೈತನನ್ನು ಊರು ಕೈಹಿಡಿದ ಕಥೆ ಅದು. ಔಷಧದ ಪೇಟೆಯಲ್ಲಿಯೂ ಅದೇ ದಾರಿಯುಂಟು. ಊರ ಗೌಡರೂ ಹಿರಿಯರೂ ಪಂಚಾಯಿತಿಯವರೂ ಮುಂಗಾರಿಗೆ ಒಂದು ತಿಂಗಳು ಮೊದಲೇ ಸೇರಿ, ಹಿಂದಿನ ವರ್ಷ ಯಾವ ರೋಗವು ಬಂದಿತು, ಯಾವ ವಸ್ತುವನ್ನು ಬಳಸಲಾಯಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿಸಬಹುದು. ಬೇಕಾದ ಮೈಲುತುತ್ತನ್ನೂ ಗಂಧಕವನ್ನೂ ಸಂಘದ ಮೂಲಕ ಒಟ್ಟಾಗಿ ತರಿಸಬಹುದು. ಸಿಂಪಡಿಸುವ ಪಂಪುಗಳನ್ನು ಸರದಿಯಂತೆ ಬಳಸಬಹುದು. ಶಾಲೆ ಕಲಿತ ಹುಡುಗ ಹುಡುಗಿಯರಿಂದ ಡಬ್ಬಿಯ ಚೀಟಿಯನ್ನು ಹಿರಿಯರಿಗೆ ಓದಿಸುವ ವಾಡಿಕೆಯನ್ನು ಹಾಕಬಹುದು. ಇವು ಯಾವುವೂ ದೊಡ್ಡ ಖರ್ಚಿನ ಕೆಲಸಗಳಲ್ಲ.

ಮಳೆಯು ಯಾರ ಕೈಯಲ್ಲಿಯೂ ಇಲ್ಲ. ತಾಮ್ರದ ಬೆಲೆಯೂ ಇಲ್ಲ. ಆದರೆ ಅಂಗಡಿಯ ಮುಂದೆ ನಿಂತಾಗ "ಚಲೋ ಎಣ್ಣಿ ಕೊಡ್ರಿ" ಎನ್ನುವುದರ ಬದಲು, "ಇದರೊಳಗೇನೈತಿ, ಎಷ್ಟೈತಿ, ಕೊಯ್ಲಿಗೆ ಎಷ್ಟು ದಿನ ಬಿಡಬೇಕು" ಎಂದು ಕೇಳುವುದು ಪ್ರತಿಯೊಬ್ಬ ರೈತನ ಕೈಯಲ್ಲಿಯೂ ಇದೆ. ಈ ಮೂರು ಪ್ರಶ್ನೆಗಳು ಊರಿನಲ್ಲಿ ರೂಢಿಯಾದರೆ ಬೆಳೆಯೂ ಹಣವೂ ಉಳಿಯುವುವು. ಬ್ಯಾಡಗಿಯ ಪೇಟೆಯಲ್ಲಿ ಹಿರೇಕೆರೂರಿನ ಮೆಣಸಿನಕಾಯಿಗೆ ಒಳ್ಳೆಯ ಹೆಸರೂ ನಿಲ್ಲುವುದು.